ಶಿಖರವು ಎಲ್ಲೆಯಾದ ಬಗೆ: ಆಕ್ಲೆಂಡ್ ನಗರದ ಮೌಂಟ್ ಈಡನ್ ಉಪನಗರದ ನೆಲ ಮತ್ತು ಹೆಸರು

ಸ್ಥಳನಾಮಗಳು ಚರಿತ್ರೆಯ ಆಕರಗಳಲ್ಲಿ ಒಂದೆಂಬುದನ್ನು ಕನ್ನಡ ಸಂಶೋಧನೆ ಬಹು ಹಿಂದೆಯೇ ಒಪ್ಪಿಕೊಂಡಿದೆ. ಶಂ. ಬಾ. ಜೋಶಿಯವರಂಥ ವಿದ್ವಾಂಸರು ಮಹಾರಾಷ್ಟ್ರದ ಊರ ಹೆಸರುಗಳಲ್ಲಿ ಕನ್ನಡದ ಕುರುಹುಗಳನ್ನು ಅರಸಿದ ಮೇಲೆ, ಶಾಸನ ಮತ್ತು ಕಾವ್ಯಗಳು ಮೌನವಾಗಿರುವೆಡೆಯಲ್ಲಿ ಹೆಸರು ಸಾಕ್ಷಿ ನುಡಿಯಬಲ್ಲದೆಂಬ ವಿಶ್ವಾಸ ನಮ್ಮಲ್ಲಿ ಬಲಗೊಂಡಿತು. ಆದರೆ ಹೆಸರು ಹೇಳುವ ಸಾಕ್ಷ್ಯವನ್ನು ನೆಲದ ರಚನೆಯೊಡನೆ ಮತ್ತು ಭೂದಾಖಲೆಗಳೊಡನೆ ಇಟ್ಟು ನೋಡುವ ಕೆಲಸ ಅಷ್ಟಾಗಿ ನಡೆದಿಲ್ಲ. ಈ ಮೂರನ್ನೂ ಒಟ್ಟಿಗೆ ಓದಿದಾಗ ಏನು ದೊರೆಯುತ್ತದೆ ಎಂಬುದಕ್ಕೆ ದೂರದ ನಿದರ್ಶನವೊಂದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಅದು ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ, ನಂದಿಹೋದ ಜ್ವಾಲಾಮುಖಿಯೊಂದರ ಸುತ್ತ ಬೆಳೆದ ಮೌಂಟ್ ಈಡನ್ ಎಂಬ ಉಪನಗರ. ಆ ಬೆಟ್ಟದ ಮೊದಲ ಹೆಸರು ಮೌಂಗಫೌ. ಒಂದು ಜನಾಂಗದ ಬಾಳಿಗೆ ಕೇಂದ್ರವಾಗಿದ್ದ ಶಿಖರ, ಒಂದು ಕ್ರಯಪತ್ರದಲ್ಲಿ ಎಲ್ಲೆಯ ಗುರುತಾಗಿ ಮಾರ್ಪಟ್ಟದ್ದೇ ಈ ಉಪನಗರದ ಚರಿತ್ರೆಯ ತಿರುಳು ಎಂಬುದು ನಮ್ಮ ಪ್ರತಿಪಾದನೆ.

1

ಆಕ್ಲೆಂಡ್ ನಗರವು ಎರಡು ಸಮುದ್ರಗಳ ನಡುವಣ ಕಿರಿದಾದ ಭೂಸಂಧಿಯ ಮೇಲೆ ಹಬ್ಬಿದೆ. ಈ ನೆಲದಲ್ಲಿ 50ಕ್ಕೂ ಹೆಚ್ಚು ಜ್ವಾಲಾಮುಖಿಗಳು ಬೇರೆ ಬೇರೆ ಕಾಲದಲ್ಲಿ ಸ್ಫೋಟಗೊಂಡಿವೆ. ಮೌಂಗಫೌ ಅವುಗಳಲ್ಲೊಂದು. ಎತ್ತರ 196 ಮೀಟರ್. ಭೂಸಂಧಿಯಲ್ಲಿ ಇದಕ್ಕಿಂತ ಎತ್ತರದ ಸಹಜ ಸ್ಥಳವಿಲ್ಲ. ಇದು ಸ್ಫೋಟಗೊಂಡದ್ದು ಸುಮಾರು 28,000 ವರ್ಷಗಳ ಹಿಂದೆ ಎಂದು ಭೂವಿಜ್ಞಾನಿಗಳು ಗಣಿಸಿದ್ದಾರೆ. ಒಂದರ ಮೇಲೊಂದು ಏರಿ ಬೆಳೆದ ಮೂರು ಶಂಕುಗಳು ಸೇರಿ ಈ ಬೆಟ್ಟವಾಗಿದೆ. ಕಡೆಗೆ ಉಕ್ಕಿದ ದಕ್ಷಿಣದ ಬಾಯಿ ಇಂದಿಗೂ 50 ಮೀಟರ್ ಆಳದ ಬೋಗುಣಿಯಂತೆ ತೆರೆದುಕೊಂಡಿದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ಪ್ರದೇಶದ ಜ್ವಾಲಾಮುಖಿಗಳು ಸಾಮಾನ್ಯವಾಗಿ ಒಂದೇ ಬಾರಿ ಸ್ಫೋಟಗೊಂಡು ಶಾಶ್ವತವಾಗಿ ಆರುತ್ತವೆ. ಮುಂದಿನ ಸ್ಫೋಟ ಹೊಸ ಜಾಗದಲ್ಲಿ ಸಂಭವಿಸುತ್ತದೆ. ಆದುದರಿಂದ ಮೌಂಗಫೌ ನಂದಿದೆ, ಆದರೆ ಅದು ನಿಂತಿರುವ ಕ್ಷೇತ್ರ ನಂದಿಲ್ಲ. ಬಂದರಿನ ಹೊರಗಿರುವ ರಂಗಿತೊತೊ ದ್ವೀಪ ಸುಮಾರು 600 ವರ್ಷಗಳ ಹಿಂದೆಯಷ್ಟೇ ಕಡಲಿನಿಂದ ಮೇಲೆದ್ದಿತು. ಅದರ ನೆರೆಯ ಮೊತುತಪು ದ್ವೀಪದಲ್ಲಿ ಬೂದಿಯ ಪದರಗಳ ನಡುವೆ ಮನುಷ್ಯರ ಹೆಜ್ಜೆಗುರುತುಗಳು ದೊರೆತಿವೆ. ಅಂದರೆ ಆ ಸ್ಫೋಟದ ಕಾಲಕ್ಕೆ ಮಾವೋರಿ ಜನ ಅಲ್ಲಿ ನೆಲೆಸಿದ್ದರು.

ಪುಣೆ, ಮುಂಬಯಿಗಳಲ್ಲಿರುವ ನಮ್ಮ ಓದುಗರಿಗೆ ಲಾವಾ ನೆಲ ಹೊಸತಲ್ಲ. ಅವರ ಕಾಲಡಿಯ ಕರಿಗಲ್ಲೂ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಶಿಲಾರಸವೇ. ಆದರೆ ದಖ್ಖನ್ನಿನಲ್ಲಿ ಶಿಲಾರಸವು ನೆಲದ ಬಿರುಕುಗಳಿಂದ ಉಕ್ಕಿ ಹಾಸುಹಾಸಾಗಿ ಹರಡಿತು. ಆಕ್ಲೆಂಡಿನಲ್ಲಿ ಒಂದೊಂದು ಬಾಯಿಯ ಸುತ್ತ ಒಂದೊಂದು ಗುಡ್ಡವನ್ನು ಕಟ್ಟಿತು. ಅಲ್ಲಿಯ ವಸತಿಯೂ ಈ ಗುಡ್ಡಗಳನ್ನು ಅನುಸರಿಸಿಯೇ ಬೆಳೆಯಿತು.

2

ಮಾವೋರಿ ಭಾಷೆಯಲ್ಲಿ ‘ಮೌಂಗ’ ಎಂದರೆ ಬೆಟ್ಟ. ‘ಫೌ’ ಎಂಬುದು ಒಂದು ಮರದ ಹೆಸರು. ಅದರ ಕಟ್ಟಿಗೆ ಬೆಂಡಿನಂತೆ ಹಗುರ. ಮೀನುಬಲೆಗಳು ಮುಳುಗದಂತೆ ತೇಲುಗಟ್ಟಿಗೆಗಳಾಗಿ ಅದನ್ನು ಬಳಸುತ್ತಿದ್ದರು. ಫೌ ಮರಗಳ ಬೆಟ್ಟವೇ ಮೌಂಗಫೌ. ಹೀಗೆ ಹೆಸರಿನಲ್ಲಿಯೇ ಬೆಟ್ಟದ ಸಸ್ಯ, ಕಡಲ ದುಡಿಮೆ ಇವೆರಡೂ ಅಡಗಿವೆ. ನಮ್ಮಲ್ಲಿ ಹುಣಸೂರು, ಬೇವೂರುಗಳು ಮರದಿಂದ ಹೆಸರು ಪಡೆದಂತೆಯೇ ಇದು ಬಳಕೆಯಿಂದ ಹುಟ್ಟಿದ ಹೆಸರು, ಯಾರೋ ಇಟ್ಟದ್ದಲ್ಲ. ಜ್ವಾಲಾಮುಖಿಯ ಬಾಯಿಗೆ ‘ತೆ ಇಪು ಅ ಮತಾಹೊ’ ಎಂದು ಬೇರೆಯೇ ಹೆಸರಿದೆ. ಮತಾಹೊ ಎಂಬ ದೇವತೆಯ ಬಟ್ಟಲು ಎಂಬುದು ಅದರ ಅರ್ಥ. ಈ ಕುಳಿ ಅವರಿಗೆ ಪವಿತ್ರ.

ಬೆಟ್ಟದ ಮೈಯನ್ನು ಕಡಿದು ಮಾಡಿದ ಮೆಟ್ಟಿಲುಮೆಟ್ಟಿಲಾದ ತಾಣಗಳು ಇಂದಿಗೂ ಕಾಣುತ್ತವೆ. ಅವು ‘ಪಾ’ ಎಂಬ ಕೋಟೆವಸತಿಯ ಅವಶೇಷಗಳು. ಮನೆಗಳು ಈ ಮೆಟ್ಟಿಲುಗಳ ಮೇಲಿದ್ದವು. ಕೂಮರ ಎಂಬ ಸಿಹಿಗೆಣಸನ್ನು ಕೂಡಿಡುವ ಹಗೇವುಗಳೂ ಅಲ್ಲಿಯೇ ಇದ್ದವು. ಸುತ್ತಲಿನ ಲಾವಾ ಮಣ್ಣು ಫಲವತ್ತಾದುದು. ಕಲ್ಲುಗಳು ಹಗಲಿನ ಬಿಸಿಯನ್ನು ಹಿಡಿದಿಟ್ಟು, ಉಷ್ಣದೇಶದಿಂದ ಬಂದ ಆ ಬೆಳೆಯನ್ನು ಪೋಷಿಸುತ್ತಿದ್ದವು. ಹೊಲ ತಗ್ಗಿನಲ್ಲಿ, ಕಣಜ ಮತ್ತು ಕಾವಲು ಎತ್ತರದಲ್ಲಿ: ಇಂಥ ವ್ಯವಸ್ಥೆಯಲ್ಲಿ ಶಿಖರವು ವಸತಿಯ ಕೇಂದ್ರವಾಗಿತ್ತು. ಈ ಭೂಸಂಧಿಯನ್ನು ‘ತಾಮಕಿ ಮಕೌರೌ’ ಎಂದು ಕರೆದರು. ಹಲವರು ಬಯಸಿದ ತಾಮಕಿ ಎಂದು ಅದರ ಭಾವ. ಬಯಸಿದವರು ಹಲವರಾದಂತೆ ಕಾದಾಟಗಳೂ ಹಲವಾದವು. ಮೌಂಗಫೌ ಕೋಟೆಯ ವಾಸ ಸುಮಾರು 1700ರ ವೇಳೆಗೆ ನಿಂತಿತು. ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ವೈಒಹುವಾ ಬಣವನ್ನು ಸೋಲಿಸಿ ನ್ಗಾತಿ ಫಾತುವಾ ಬಣದವರು ಈ ನೆಲದ ಒಡೆಯರಾದರು.

3

1840ರ ಫೆಬ್ರವರಿಯಲ್ಲಿ ಬ್ರಿಟಿಷ್ ಪ್ರಭುತ್ವಕ್ಕೂ ಮಾವೋರಿ ನಾಯಕರಿಗೂ ವೈತಂಗಿ ಒಪ್ಪಂದವಾಯಿತು. ಅದೇ ವರ್ಷ ನ್ಗಾತಿ ಫಾತುವಾ ನಾಯಕ ಆಪಿಹಾಯ್ ತೆ ಕವೌ, ತಮ್ಮ ನೆಲದಲ್ಲಿ ರಾಜಧಾನಿಯನ್ನು ಕಟ್ಟುವಂತೆ ಗವರ್ನರ್ ವಿಲಿಯಂ ಹಾಬ್ಸನ್‌ನನ್ನು ಆಹ್ವಾನಿಸಿದನು. ಸೆಪ್ಟೆಂಬರ್ 18ರಂದು ಧ್ವಜವೇರಿತು. ಅಕ್ಟೋಬರ್ 20ರಂದು ಕ್ರಯಪತ್ರವಾಯಿತು. ಕೊಟ್ಟ ನೆಲ ಸುಮಾರು 3,000 ಎಕರೆ. ಪಡೆದದ್ದು 50 ಪೌಂಡ್ ನಗದು, ಜೊತೆಗೆ ಕಂಬಳಿ, ಅಂಗಿ, ತಂಬಾಕು, ಕಬ್ಬಿಣದ ಪಾತ್ರೆ, ಕೊಡಲಿ, ಸಕ್ಕರೆ, ಹಿಟ್ಟು ಮೊದಲಾದ ಸರಕು. ಒಂದು ವರ್ಷ ತುಂಬುವ ಮುನ್ನವೇ ಸರಕಾರ ಅದರಲ್ಲಿ ನಲವತ್ತು ಚಿಲ್ಲರೆ ಎಕರೆಯನ್ನು ಮಾತ್ರ ಮರುಮಾರಾಟ ಮಾಡಿ 24,000 ಪೌಂಡಿಗೂ ಮಿಕ್ಕಿ ಹಣ ಪಡೆಯಿತು.

ಈ ಪತ್ರದಲ್ಲಿ ನಮ್ಮ ಗಮನ ಸೆಳೆಯುವುದು ಅದರ ಎಲ್ಲೆ. ಪಶ್ಚಿಮದಲ್ಲಿ ಒಂದು ತೊರೆ, ಪೂರ್ವದಲ್ಲಿ ಒಂದು ಕೊಲ್ಲಿ. ಎರಡೂ ಕಡೆಯಿಂದ ಹೊರಟ ಗೆರೆಗಳು ಮೌಂಗಫೌ ಶಿಖರದಲ್ಲಿ ಕೂಡುತ್ತವೆ. ಮಾರಾಟವಾದ ನೆಲ ಒಂದು ತ್ರಿಕೋನ. ಬೆಟ್ಟ ಅದರ ತುದಿ. ನಮ್ಮ ದಾನಶಾಸನಗಳಲ್ಲಿಯೂ ಬೆಟ್ಟ, ಹಳ್ಳ, ಮರ, ಹುತ್ತ, ನೆಟ್ಟ ಕಲ್ಲುಗಳು ಎಲ್ಲೆಯ ಗುರುತುಗಳಾಗಿ ಬರುತ್ತವೆ. ಅಲ್ಲಿ ಗುರುತನ್ನು ಹೇಳುವವರೂ ಕೇಳುವವರೂ ಒಂದೇ ಸೀಮೆಯವರು. ಎಲ್ಲೆಯಾದ ಮರ ನಾಳೆಯೂ ಆ ಊರಿನ ಮರವೇ. ಇಲ್ಲಿ ಹಾಗಲ್ಲ. ಒಂದು ಪಕ್ಷಕ್ಕೆ ಶಿಖರವು ಹಿರಿಯರ ನೆಲೆ. ಇನ್ನೊಂದು ಪಕ್ಷಕ್ಕೆ ಅಳತೆಯ ಬಿಂದು. ನೆಲವನ್ನು ಕೊಡುವುದೆಂದರೆ ಹೊಸಬರನ್ನು ನೆರೆಯವರನ್ನಾಗಿ ಕರೆದು ಬಾಂಧವ್ಯ ಬೆಳೆಸುವುದೆಂದು ಮೊದಲನೆಯವರ ಸಂಪ್ರದಾಯ. ಅದು ಹಕ್ಕನ್ನು ಪೂರ್ತಿಯಾಗಿ ಬಿಟ್ಟುಕೊಡುವ ಕ್ರಯವೆಂದು ಎರಡನೆಯವರ ಕಾನೂನು. ಪತ್ರ ಒಂದೇ, ಓದು ಎರಡು. ಮಧ್ಯಕಾಲೀನ ದಾನಪತ್ರಗಳನ್ನು ಓದುವಾಗ ಪದದ ಅರ್ಥದಷ್ಟೇ ಎಚ್ಚರದಿಂದ ಆ ಪದವನ್ನು ಯಾರು ಯಾವ ರೂಢಿಯಲ್ಲಿ ಗ್ರಹಿಸಿದರೆಂಬುದನ್ನೂ ಕೇಳಬೇಕೆಂಬುದಕ್ಕೆ ಇದು ಉತ್ತಮ ನಿದರ್ಶನ.

4

ಹಾಬ್ಸನ್ ತನ್ನ ಹೊಸ ರಾಜಧಾನಿಗೆ ತನ್ನ ಪೋಷಕನ ಹೆಸರಿಟ್ಟನು. ಆ ಪೋಷಕ ಜಾರ್ಜ್ ಈಡನ್. ಬಿರುದು ಲಾರ್ಡ್ ಆಕ್ಲೆಂಡ್. ನಗರಕ್ಕೆ ಬಿರುದು ಹೋಯಿತು, ಬೆಟ್ಟಕ್ಕೆ ಮನೆತನದ ಹೆಸರು ಬಂದಿತು. ಈತ ನ್ಯೂಜಿಲೆಂಡನ್ನು ಕಂಡವನಲ್ಲ. 1836ರಿಂದ 1842ರವರೆಗೆ ಕಲ್ಕತ್ತೆಯಲ್ಲಿ ಕುಳಿತು ಭಾರತದ ಗವರ್ನರ್ ಜನರಲ್ ಆಗಿದ್ದವನು. ಮೊದಲನೆಯ ಆಫ್ಘನ್ ಯುದ್ಧವನ್ನು ಹೂಡಿದವನು. ಕೊಡಗು ಮತ್ತು ದಕ್ಷಿಣ ಕನ್ನಡಗಳಲ್ಲಿ 1837ರ ಅಮರ ಸುಳ್ಯದ ದಂಗೆ ನಡೆದಾಗ ಆಳ್ವಿಕೆಯ ತುದಿಯಲ್ಲಿದ್ದವನು ಈತನೇ. ಮೈಸೂರಿನಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಆಡಳಿತ ನಡೆಸಿದ ಮೊದಲ ವರ್ಷಗಳೂ ಬಹುಪಾಲು ಈತನ ಕಾಲದವೇ. ಈ ದೃಷ್ಟಿಯಿಂದ ಮೌಂಟ್ ಈಡನ್ ಎಂಬ ಹೆಸರು ನ್ಯೂಜಿಲೆಂಡಿನ ನೆಲಕ್ಕಿಂತ ಹೆಚ್ಚಾಗಿ ಭಾರತದ ವಸಾಹತು ಆಡಳಿತದ ದಾಖಲೆಯಾಗಿದೆ. ಬೆಟ್ಟದ ಉತ್ತರಕ್ಕೆ ಖೈಬರ್ ಪಾಸ್ ಎಂಬ ರಸ್ತೆ ಇರುವುದೂ ಇದೇ ನಕ್ಷೆಯ ಭಾಗ.

ಕಲ್ಕತ್ತೆಯ ಈಡನ್ ಗಾರ್ಡನ್ಸ್ ಇದೇ ಮನೆತನದ ಹೆಸರನ್ನು ಹೊತ್ತಿದೆ. ಸ್ವಾತಂತ್ರ್ಯದ ಬಳಿಕ ಕಲ್ಕತ್ತೆ ತನ್ನ ಬೀದಿಗಳಿಂದ ವಸಾಹತು ಪ್ರತಿಮೆಗಳನ್ನು ತೆಗೆದುಹಾಕಿತು. ಲಾರ್ಡ್ ಆಕ್ಲೆಂಡನ ಪ್ರತಿಮೆ 1969ರಲ್ಲಿ ಆಕ್ಲೆಂಡ್ ನಗರಕ್ಕೆ ಸಾಗಿತು. ಒಂದು ನಗರ ಬೇಡವೆಂದ ನೆನಪನ್ನು ಇನ್ನೊಂದು ನಗರ ಬರಮಾಡಿಕೊಂಡ ಈ ಘಟನೆ ನಾಮಕರಣದ ಚರಿತ್ರೆಯಲ್ಲಿ ಗಮನಾರ್ಹವಾದುದು.

5

ಹೆಸರು ಬದಲಾದ ಮೇಲೆ ನೆಲದ ಬಳಕೆಯೂ ಬದಲಾಯಿತು. ವಲಸಿಗರು ಹೊಲಗಳಿಂದ ಎತ್ತಿದ ಲಾವಾ ಕಲ್ಲುಗಳನ್ನು ಜೋಡಿಸಿ ಗೋಡೆಗಳನ್ನು ಕಟ್ಟಿದರು. ಈ ಉಪನಗರದ ಹಳೆಯ ಮನೆಗಳ ಮುಂದೆ ಅಂಥ ಗೋಡೆಗಳು ಇನ್ನೂ ಇವೆ. 1880ರಲ್ಲಿ ರೈಲು ನಿಲ್ದಾಣವಾಯಿತು. ಮುಂದೆ ಟ್ರಾಮುಗಳು ಬಂದವು. ಹೊಲಗಳು ನಿವೇಶನಗಳಾಗಿ, ಮರದ ಮನೆಗಳ ಸಾಲುಗಳು ಎದ್ದವು. 1906ರಲ್ಲಿ ಮೌಂಟ್ ಈಡನ್ ಪ್ರತ್ಯೇಕ ಪುರಸಭೆಯಾಯಿತು. 1989ರಲ್ಲಿ ಆಕ್ಲೆಂಡ್ ನಗರದಲ್ಲಿ ವಿಲೀನಗೊಂಡಿತು.

ಬೆಟ್ಟ ಈಗ ಕಲ್ಲಿನ ಗಣಿಯೂ ಆಯಿತು. 1882ರಲ್ಲಿ ಆರಂಭವಾಗಿ 1917ರಲ್ಲಿ ಮುಗಿದ ಮೌಂಟ್ ಈಡನ್ ಸೆರೆಮನೆಯ ಕರಿಗಲ್ಲುಗಳನ್ನು ಕೈದಿಗಳೇ ಕಡಿದರು. ಆ ಹಳೆಯ ಕಟ್ಟಡದಲ್ಲಿ ಕೈದಿಗಳನ್ನಿಡುವುದು 2011ರಲ್ಲಿ ನಿಂತಿತು. ರಸ್ತೆ ಮತ್ತು ರೈಲುಹಾದಿಗಳಿಗಾಗಿ ನಗರದ ಅನೇಕ ಶಂಕುಗಳನ್ನು ಅಗೆದರು, ಕೆಲವು ಹೇಳಹೆಸರಿಲ್ಲದಂತಾದವು. 1915ರ ಕಾನೂನೊಂದು ಈ ಬೆಟ್ಟಗಳ ಅಗೆತಕ್ಕೆ ಮಿತಿ ಹಾಕಿತು. ಮೌಂಗಫೌವಿನ ಪೂರ್ವದ ಇಳಿಜಾರಿನಲ್ಲಿ ಪಾಳುಬಿದ್ದಿದ್ದ ಗಣಿಯೊಂದನ್ನು 1964ರಿಂದ ಸ್ವಯಂಸೇವಕರು ತೋಟವನ್ನಾಗಿಸಿದರು. ಅದರ ಹೆಸರು ಈಡನ್ ಗಾರ್ಡನ್. ಕಲ್ಕತ್ತೆಯ ಉದ್ಯಾನಕ್ಕೆ ದೂರದ ದಾಯಾದಿ.

ಬೆಟ್ಟದ ಪಶ್ಚಿಮಕ್ಕೆ ಜೌಗುನೆಲವಾಗಿದ್ದ ಜಾಗ ಈಡನ್ ಪಾರ್ಕ್ ಆಟದ ಮೈದಾನವಾಯಿತು. ಕನ್ನಡಿಗರಿಗೆ ಈ ಮೈದಾನದ ಪರಿಚಯ ಬೇರೊಂದು ಬಗೆಯದು. 1976ರ ಜನವರಿಯ ಟೆಸ್ಟ್ ಪಂದ್ಯದಲ್ಲಿ ಮೊದಲ ಸರದಿಯಲ್ಲಿ ಬಿ. ಎಸ್. ಚಂದ್ರಶೇಖರ್ 6, ಎರಡನೆಯ ಸರದಿಯಲ್ಲಿ ಇ. ಎ. ಎಸ್. ಪ್ರಸನ್ನ 76 ಓಟಗಳಿಗೆ 8 ವಿಕೆಟ್ ಪಡೆದು ಭಾರತಕ್ಕೆ ಗೆಲುವು ತಂದರು. ಸಯ್ಯದ್ ಕಿರ್ಮಾನಿಯವರ ಮೊದಲ ಟೆಸ್ಟ್ ಕೂಡ ಅದೇ.

6

ಇಷ್ಟಾದರೂ ಶಿಖರವು ಎಲ್ಲೆಯಾಗಿಯೇ ಉಳಿಯಲಿಲ್ಲ. 2014ರಲ್ಲಿ ನ್ಯೂಜಿಲೆಂಡ್ ಸಂಸತ್ತು ಅಂಗೀಕರಿಸಿದ ಕಾಯಿದೆಯಂತೆ ಮೌಂಗಫೌ ಸೇರಿ 14 ಬೆಟ್ಟಗಳ ಒಡೆತನ 13 ಮಾವೋರಿ ಬಣಗಳಿಗೆ ಮರಳಿತು. ಆ ಬಣಗಳ ಮತ್ತು ಆಕ್ಲೆಂಡಿನ ಇತರ ಜನರ ಸಮಾನ ಹಿತಕ್ಕಾಗಿ ಬೆಟ್ಟಗಳನ್ನು ನ್ಯಾಸವಾಗಿ ಇರಿಸಿಕೊಳ್ಳಬೇಕೆಂಬುದು ಷರತ್ತು. ಆಡಳಿತ ಮಂಡಲಿಯಲ್ಲಿ ಬಣಗಳ ಪ್ರತಿನಿಧಿಗಳಿಗೂ ನಗರಸಭೆಯವರಿಗೂ ಸಮಪಾಲು. 2016ರಿಂದ ಶಿಖರಕ್ಕೆ ಸಾರ್ವಜನಿಕರ ವಾಹನಗಳು ಹೋಗುವುದು ನಿಂತಿದೆ. ಬೆಟ್ಟದ ಅಧಿಕೃತ ಹೆಸರು ಈಗ ಜೋಡಿಹೆಸರು: ಮೌಂಗಫೌ ಮತ್ತು ಮೌಂಟ್ ಈಡನ್. ಹೊಸದಾಗಿ ಕಟ್ಟಿದ ರೈಲು ನಿಲ್ದಾಣಕ್ಕೆ 2023ರಲ್ಲಿ ಮೌಂಗಫೌ ಎಂಬ ಒಂದೇ ಹೆಸರು ನಿಶ್ಚಯವಾಯಿತು. ಉಪನಗರ ಮಾತ್ರ ಮೌಂಟ್ ಈಡನ್ ಆಗಿಯೇ ಉಳಿದಿದೆ.

ಈ ಮರಳುವಿಕೆ ಸರಾಗವಾಗಿ ನಡೆಯಿತೆಂದು ಭಾವಿಸಬಾರದು. ನೆರೆಯ ಓವೈರಕ ಬೆಟ್ಟದಲ್ಲಿ ಹೊರನಾಡ ಮರಗಳನ್ನು ಕಡಿದು ನಾಡಮರಗಳನ್ನು ನೆಡುವ ಯೋಜನೆಯನ್ನು 2019ರಲ್ಲಿ ಸ್ಥಳೀಯರು ಪ್ರತಿಭಟಿಸಿದರು. 2022ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ನಿರ್ಣಯವನ್ನು ಕಾನೂನುಬಾಹಿರವೆಂದಿತು. ನೂರು ವರ್ಷ ಬೆಳೆದ ಮರ ಯಾರದು ಎಂಬ ಪ್ರಶ್ನೆ, ನೂರೆಂಬತ್ತು ವರ್ಷ ರೂಢಿಯಲ್ಲಿರುವ ಹೆಸರು ಯಾರದು ಎಂಬ ಪ್ರಶ್ನೆಗಿಂತ ಬೇರೆಯಲ್ಲ.

ಹೊರನಾಡಿನಲ್ಲಿ ಕನ್ನಡದ ಕುರುಹುಗಳನ್ನು ಅರಸುವ ಸಂಶೋಧಕರಿಗೆ ಇದರಿಂದ ಒದಗುವ ಪಾಠ ವಿಧಾನಕ್ಕೆ ಸಂಬಂಧಿಸಿದುದು. ಒಂದು ಊರಿನ ಕೆಳಪದರದಲ್ಲಿ ಕನ್ನಡದ ಹೆಸರಿದೆಯೆಂದು ತೋರಿಸುವುದರೊಂದಿಗೆ ಕೆಲಸ ಮುಗಿಯದು. ಆ ಹೆಸರು ನೆಲದ ಯಾವ ಬಳಕೆಯಿಂದ ಹುಟ್ಟಿತು, ಯಾವ ದಾಖಲೆಯಲ್ಲಿ ಕೇಂದ್ರವಾಗಿದ್ದುದು ಅಂಚಾಯಿತು, ಮೇಲೆ ಬಂದ ಹೆಸರಿನಡಿಯಲ್ಲಿ ಈಗ ಬಾಳುತ್ತಿರುವವರು ಯಾರು ಎಂಬ ಮೂರನ್ನೂ ಕೇಳಬೇಕು. ಆಕ್ಲೆಂಡಿನಲ್ಲಿ ಹಳೆಯ ಹೆಸರು ಉಳಿದು ಬಂದುದಕ್ಕೆ ಒಂದು ಕಾರಣ, ನೆಲವನ್ನು ಕೊಂಡ ಪತ್ರವೇ ಎಲ್ಲೆಯನ್ನು ಹೇಳಲು ಆ ಹೆಸರನ್ನು ಬಳಸಬೇಕಾಗಿ ಬಂದದ್ದು. ಮುಂಬಯಿ, ಪುಣೆ, ಹೈದರಾಬಾದುಗಳ ಹಳೆಯ ಭೂದಾಖಲೆಗಳಲ್ಲಿ, ಇನಾಂ ಪತ್ರಗಳ ಎಲ್ಲೆವಿವರಗಳಲ್ಲಿ ಹೀಗೆ ಉಳಿದಿರಬಹುದಾದ ಕನ್ನಡದ ಬೆಟ್ಟ, ಹಳ್ಳ, ಮರಗಳ ಹೆಸರುಗಳನ್ನು ಪಟ್ಟಿಮಾಡುವ ಕೆಲಸವನ್ನು ಆಯಾ ನಗರಗಳಲ್ಲಿರುವ ಕನ್ನಡ ವಿದ್ಯಾರ್ಥಿಗಳು ಕೈಗೊಳ್ಳುವುದು ಉಚಿತ.