ಕಣಜದಿಂದ ಹುಲ್ಲುಗಾವಲಿಗೆ

ಅಕ್ಷರಗಳಲ್ಲೇ ನಡೆಯುವ ಕಂಪ್ಯೂಟರ್ ಆಟಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಗುಹೆಯೊಂದರಿಂದ ಆರಂಭಿಸುತ್ತಾರೆ. 1976ರಲ್ಲಿ ವಿಲ್ ಕ್ರೌದರ್ ಬರೆದು, ಮರುವರ್ಷ ಡಾನ್ ವುಡ್ಸ್ ಬೆಳೆಸಿದ ‘ಕೊಲೋಸಲ್ ಕೇವ್ ಅಡ್ವೆಂಚರ್’, ಆಮೇಲೆ ‘ಝೋರ್ಕ್’, ಕವಲೊಡೆಯುವ ಕಥೆಪುಸ್ತಕಗಳು, ಕವಲುಕಥೆ ಹೆಣೆಯುವ 2009ರ ತಂತ್ರಾಂಶ ಟ್ವೈನ್. ಈ ವಂಶಾವಳಿಯಲ್ಲಿ ಎಲ್ಲೆಡೆಯೂ ಒಬ್ಬನೇ ನಾಯಕ, ಅವನ ಮುಂದೆ ಒಡೆಯುವ ದಾರಿ. ಹೀಗಾಗಿ, ಅಲೆಮಾರಿ ಕುಲವೊಂದನ್ನು ಮುನ್ನಡೆಸುವ ಆಟ ಬಂದರೂ ವಿಮರ್ಶಕರು ಅದರಲ್ಲಿ ಎಷ್ಟು ಕವಲುಗಳಿವೆ ಎಂದೇ ಎಣಿಸುತ್ತಾರೆ. ಆ ಅಳತೆಗೋಲು ಇಲ್ಲಿ ಸಲ್ಲದು, ಏಕೆಂದರೆ ಈ ಪ್ರಕಾರದ ಬೇರು ಇರುವುದು ಕಣಜದಲ್ಲಿ. ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಚೆಸ್ಟರ್ ಕೌಂಟಿಯಲ್ಲಿ 1964ರಲ್ಲೇ ಶಾಲಾ ಮಕ್ಕಳಿಗಾಗಿ ‘ದಿ ಸುಮೇರಿಯನ್ ಗೇಮ್’ ಸಿದ್ಧವಾಗಿತ್ತು. ಬರೆದವರು ಮೇಬಲ್ ಆಡಿಸ್ ಎಂಬ ಶಿಕ್ಷಕಿ. ಲಗಾಶ್ ನಗರದ ದೊರೆಯ ಸ್ಥಾನದಲ್ಲಿ ಕೂತ ಮಗು ಕಾಳಿನಲ್ಲಿ ಊಟಕ್ಕೆಷ್ಟು, ಬಿತ್ತನೆಗೆಷ್ಟು, ಕಣಜಕ್ಕೆಷ್ಟು ಎಂದು ತೀರ್ಮಾನಿಸಬೇಕಿತ್ತು. ಗುಹೆಗಿಂತ ಹನ್ನೆರಡು ವರ್ಷ ಹಿರಿದಾದ ಈ ಕೃತಿಯನ್ನು ಅಡಿಟಿಪ್ಪಣಿಗೆ ತಳ್ಳಿರುವುದು ಅನ್ಯಾಯ. 1971ರ ‘ಓರೆಗಾನ್ ಟ್ರೇಲ್’ ಅದೇ ಲೆಕ್ಕವನ್ನು ಎತ್ತಿನ ಗಾಡಿಗೆ ಹೇರಿ ಹೊರಡಿಸಿತು.

ಲೆಕ್ಕಕ್ಕೆ ನೆನಪು, ನಂಬಿಕೆ, ಹಗೆತನ ಕೂಡಿಕೊಂಡದ್ದು 1999ರ ‘ಕಿಂಗ್ ಆಫ್ ಡ್ರ್ಯಾಗನ್ ಪಾಸ್’ನಲ್ಲಿ. ಗ್ರೆಗ್ ಸ್ಟಾಫರ್ಡ್ ಕಟ್ಟಿದ ಗ್ಲೊರಾಂಥಾ ಎಂಬ ಪುರಾಣಲೋಕವನ್ನು ಡೇವಿಡ್ ಡನ್‌ಹ್ಯಾಮ್ ಆಟವಾಗಿಸಿದರು. ಪ್ರಸಂಗಗಳಿಗೆ ಮಾತು ಕೊಟ್ಟವರು ರಾಬಿನ್ ಲಾಸ್. ಜಗತ್ತೆಲ್ಲ ಮೂರು ಆಯಾಮದ ಗ್ರಾಫಿಕ್ಸ್‌ಗೆ ಮರುಳಾಗಿದ್ದ ಹೊತ್ತಿನಲ್ಲಿ ಇವರು ಕೈಯಿಂದ ಬರೆದ ಚಿತ್ರ, ಅದರ ಜೊತೆಗೊಂದಿಷ್ಟು ಗದ್ಯ, ಕೆಲವೇ ಆಯ್ಕೆಗಳನ್ನು ನೆಚ್ಚಿಕೊಂಡರು. ಆಶ್ರಯ ಕೇಳಿ ಅಪರಿಚಿತರು ಬಾಗಿಲಿಗೆ ಬಂದಿದ್ದಾರೆ ಎನ್ನಿ. ಪರದೆಯ ಕೆಳಗೆ ಕುಲದ ಏಳು ಹಿರಿಯರ ಮುಖಗಳು. ಯುದ್ಧದೇವತೆಯ ಆರಾಧಕ ಒಂದು ಹೇಳಿದರೆ ಭೂಮಿದೇವಿಯ ಭಕ್ತೆ ಇನ್ನೊಂದು ಹೇಳುತ್ತಾಳೆ. ವಂಚಕದೇವತೆಯ ಕಡೆಯವನು ಸಭೆಯಲ್ಲಿದ್ದರೆ ಅವನ ಮಾತನ್ನು ನಂಬುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ. ಸಂಪತ್ತನ್ನು ದನಗಳಲ್ಲಿ ಎಣಿಸುತ್ತಾರೆ. ಇಂದು ಕೊಟ್ಟ ಮಾತು ವರ್ಷಗಳ ನಂತರ, ಮಾತು ಕೊಟ್ಟ ಹಿರಿಯ ಸತ್ತ ಮೇಲೂ ಎದುರು ಬಂದು ನಿಲ್ಲಬಹುದು. ನಾಯಕ ಸಾಯುತ್ತಾನೆ, ಕುಲ ಮುಂದುವರಿಯುತ್ತದೆ. ಗುಹೆಯ ವಂಶದ ಆಟಗಳು ಅಪರೂಪಕ್ಕೂ ಮುಟ್ಟದ ಸಂಗತಿ ಇದು. ಇಲ್ಲಿ ಕಥೆ ನಡೆಯುವುದು ಕವಲಿನಿಂದ ಕವಲಿಗಲ್ಲ, ಋಣದಿಂದ ಋಣಕ್ಕೆ.

ಸಿದ್ಧ ಆಯ್ಕೆಗಳ ಪಟ್ಟಿ ಆಟಗಾರನ ಕೈ ಕಟ್ಟುತ್ತದೆ, ಬೇಕಾದ್ದನ್ನು ಟೈಪ್ ಮಾಡಬಹುದಾದ ಹಳೆಯ ಕ್ರಮವೇ ಹೆಚ್ಚು ಸ್ವತಂತ್ರ ಎಂಬ ಆಕ್ಷೇಪವಿದೆ. ಆದರೆ ಅಂಥ ಆಟಗಳು ಅರ್ಥ ಮಾಡಿಕೊಳ್ಳುವುದೂ ಮೊದಲೇ ಗೊತ್ತುಮಾಡಿದ ಕ್ರಿಯಾಪದಗಳನ್ನಷ್ಟೇ. ಮಿಕ್ಕ ಸ್ವಾತಂತ್ರ್ಯ ತೋರಿಕೆಯದು. ಕುಲದ ಯಜಮಾನನಿಗೆ ತನ್ನ ಮುಂದಿರುವ ಕೆಲವೇ ದಾರಿಗಳು ಗೊತ್ತು, ಗೊತ್ತಿಲ್ಲದ್ದು ಅವುಗಳ ಬೆಲೆ. ಆಯ್ಕೆಗಳ ಹಿಂದಿನ ಅಂಕಿಗಳನ್ನು ಆಟ ಮುಚ್ಚಿಡುವುದು ಮೋಸ ಎನ್ನುವವರೂ ಇದ್ದಾರೆ. ಬರಗಾಲದ ಸಂಭವನೀಯತೆಯನ್ನು ಶೇಕಡಾವಾರು ಹೇಳಬಲ್ಲ ಹಿರಿಯ ಯಾವ ಸಭೆಯಲ್ಲೂ ಇರುವುದಿಲ್ಲ, ಹಾಗಾಗಿ ಆ ಮರೆ ನ್ಯಾಯವಾದದ್ದೇ. ಚಾಯ್ಸ್‌ಸ್ಕ್ರಿಪ್ಟ್ ಭಾಷೆಯಲ್ಲಿ ಬರೆಯುವವರೂ ಕವಲುಗಳನ್ನು ಮತ್ತೆ ಕೂಡಿಸಿ, ಹಿಂದಿನ ನಿರ್ಧಾರಗಳನ್ನು ಅಂಕಿಗಳಾಗಿ ಒಳಗೇ ಕಾಪಿಡುತ್ತಾರೆ. ಕವಲು ಎಣಿಸುವವರ ಕಣ್ಣಿಗೆ ಬೀಳದ ಕಸುಬು ಅದು.

ಇಷ್ಟಾದರೂ ಅಲೆದಾಟವೇ ಈ ಆಟಗಳಲ್ಲಿ ಸೊರಗಿದೆ. ಡನ್‌ಹ್ಯಾಮ್ ತಂಡದ 2018ರ ‘ಸಿಕ್ಸ್ ಏಜಸ್’ನಲ್ಲಿ ಕುದುರೆ ಸವಾರರ ಕುಲವಿದೆ. ಆದರೆ ಹಿಮ ಕವಿದ ನಗರವನ್ನು ತೊರೆದು ಬಂದದ್ದು ಅವರ ಪೂರ್ವಕಥೆ. ಆಟ ನಡೆಯುವುದು ನೆಲೆನಿಂತ ಕಣಿವೆಯಲ್ಲಿ. 2014ರ ‘ದಿ ಬ್ಯಾನರ್ ಸಾಗಾ’ದಲ್ಲಿ ಗಾಡಿಗಳ ಸಾಲು ನಡೆಯುತ್ತಲೇ ಇರುತ್ತದೆ, ಆದರೆ ಅದು ಪಲಾಯನ. ‘ಓರೆಗಾನ್ ಟ್ರೇಲ್’ನದು ನೆಲ ಹಿಡಿಯಲು ಹೊರಟವರ ಒಮ್ಮುಖ ಪಯಣ. ಆ ದಾರಿಯಲ್ಲಿ ನೆಲ ಕಳೆದುಕೊಂಡವರ ಕಡೆಯಿಂದ ಎಲಿಜಬೆತ್ ಲಾಪೆನ್ಸೆ ಮತ್ತು ಸಂಗಡಿಗರು 2019ರಲ್ಲಿ ‘ವೆನ್ ರಿವರ್ಸ್ ವರ್ ಟ್ರೇಲ್ಸ್’ ರೂಪಿಸಿದ್ದು ಬಹುಕಾಲದ ಬಾಕಿ ತೀರಿಸಿದಂತಾಯಿತು. ಪಶುಪಾಲಕರ ಅಲೆದಾಟ ಇವೆಲ್ಲಕ್ಕಿಂತ ಬೇರೆ. ಅದು ಸುತ್ತು, ಪ್ರತಿ ವರ್ಷ ಅದೇ ಹುಲ್ಲಿಗೆ, ಅದೇ ನೀರಿಗೆ ಮರಳುವ ಕ್ರಮ. ಕಳೆದ ಬೇಸಿಗೆಯಲ್ಲಿ ಅತಿಯಾಗಿ ಮೇಯಿಸಿದ ಗುಡ್ಡ ಈ ಸಲ ಬೋಳು. ಹೋದ ವರ್ಷ ನೀರು ಬಿಟ್ಟುಕೊಡದ ನೆರೆಕುಲದವರು ಈ ಬಾರಿ ಮೊದಲೇ ಬಂದು ಬುಗ್ಗೆಯ ಪಕ್ಕ ಡೇರೆ ಹಾಕಿದ್ದಾರೆ, ಹಿಂಡು ಬಾಯಾರಿದೆ, ಏಳು ಹಿರಿಯರಲ್ಲಿ ಇಬ್ಬರಿಗೆ ಅವರೊಂದಿಗೆ ಬೀಗತನವಿದೆ. ಈ ಪ್ರಸಂಗಕ್ಕೆ ಬೇಕಾದ ಕಣಜದ ಲೆಕ್ಕ, ಸಭೆಯ ಮಾತು, ವರ್ಷಗಳ ನೆನಪು ಮೂರೂ ಕೈಯಲ್ಲಿವೆ. ಬುಗ್ಗೆಯ ಬಳಿ ಆಟಗಾರನನ್ನು ಮರುವರ್ಷ ಮತ್ತೆ ಕರೆತರುವ ಬರಹಗಾರ ಬರಬೇಕು.