ಅರಮನೆಯ ಊರುಗಳು, ಲಾವಣಿಯ ಊರು

ಗೆಳೆಯರೊಬ್ಬರೊಡನೆ ಕೃಷ್ಣಾ-ಘಟಪ್ರಭಾ ನದಿಗಳ ನಡುವಣ ಊರುಗಳನ್ನು ನೋಡಲು ಹೊರಟೆವು. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಸದ್ದು ಕೇಳುತ್ತಿತ್ತು. ಜಮಖಂಡಿಯಲ್ಲಿ ಪಟವರ್ಧನರ ರಾಮತೀರ್ಥದ ಗುಡ್ಡದ ಅರಮನೆ ಕಂಡೆವು. ಮುಧೋಳ ಕವಿ ರನ್ನನ ಹುಟ್ಟೂರು. ಆದಿಲಶಾಹಿಗಳ ಸೇವೆಯಲ್ಲಿದ್ದ ಘೋರ್ಪಡೆ ಮನೆತನದ ರಾಜಧಾನಿ. ಈ ಎರಡೂ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು.

ಅಲ್ಲಿಂದ ಬೀಳಗಿಯ ಕಡೆ ಹೋಗುವಾಗ ಹಲಗಲಿಗೆ ತಿರುಗಿದೆವು. ಇಲ್ಲಿ ಅರಮನೆಯಿಲ್ಲ. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯಿದೆ ತಂದು ಜನರ ಆಯುಧ ಕಸಿಯಲು ಹೊರಟಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಆ ನವೆಂಬರಿನಲ್ಲಿ ಸೇನೆ ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ 13 ಮಂದಿಯನ್ನು ಡಿಸೆಂಬರ್ 11ರಂದು ಮುಧೋಳದಲ್ಲಿ, 6 ಮಂದಿಯನ್ನು 14ರಂದು ಹಲಗಲಿಯಲ್ಲಿ ಗಲ್ಲಿಗೇರಿಸಿದರು.

"ನಾವು ಈಗಷ್ಟೇ ಚಹಾ ಕುಡಿದು ಬಂದ ಮುಧೋಳದಲ್ಲೇ?" ಎಂದರು ಗೆಳೆಯರು. ಹೌದು. ಅಲ್ಲಿ ಕವಿಯ, ರಾಜರ ಮಾತಾಡಿದ ನಾವು ಆ 13 ಜನರನ್ನು ನೆನೆಯಲೇ ಇಲ್ಲ. ಅವರ ನೆನಪನ್ನು ಉಳಿಸಿದ್ದು ಊರೂರು ಹಾಡಿಕೊಂಡು ಬಂದ ಲಾವಣಿ. ವಿಚಿತ್ರವೆಂದರೆ, ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರು ಬ್ರಿಟಿಷ್ ಅಧಿಕಾರಿಯೇ ಆಗಿದ್ದ ಜೆ.ಎಫ್. ಫ್ಲೀಟ್.

ಹೊತ್ತು ಮುಳುಗುವಾಗ ಬೀಳಗಿ ತಲುಪಿದೆವು. ಮುಂದಿನ ಸಲ ಈ ಪ್ರಯಾಣವನ್ನು ಹಲಗಲಿಯಿಂದಲೇ ಶುರುಮಾಡಬೇಕು ಎಂದುಕೊಂಡೆವು.