ಮೊಣಕೈ ಮುರಿತ: ಎಣ್ಣೆ ತಿಕ್ಕುವ ಮೊದಲು ಬೆರಳು ನೋಡಿ

ಬೇಸಿಗೆ ರಜೆಯಲ್ಲಿ ಗೇರು, ಮಾವಿನ ಮರದಿಂದ ಬಿದ್ದು ಕೈ ಮುರಿದುಕೊಳ್ಳುವ ಮಕ್ಕಳು ನಮ್ಮ ಊರುಗಳಲ್ಲಿ ಹೊಸತಲ್ಲ. 5ರಿಂದ 7 ವರ್ಷದ ಮಕ್ಕಳು ಅಂಗೈಯೂರಿ ಬಿದ್ದಾಗ ಮೊಣಕೈಯ ಸ್ವಲ್ಪ ಮೇಲೆ, ತೋಳಿನ ಎಲುಬು ತೆಳುವಾಗಿರುವಲ್ಲಿ ಮುರಿಯುವುದೇ ಹೆಚ್ಚು. ಕೈಗೆ ರಕ್ತ ಒಯ್ಯುವ ಮುಖ್ಯ ರಕ್ತನಾಳ ಹಾಗೂ ನರಗಳು ಅದರ ಪಕ್ಕದಲ್ಲೇ ಹಾದುಹೋಗುತ್ತವೆ. ಅಪಾಯವಿರುವುದು ಇಲ್ಲಿಯೇ.

ಬಿದ್ದ ಕೂಡಲೇ ಎಣ್ಣೆ ತಿಕ್ಕಿ, ಬಿದಿರಿನ ಪಟ್ಟಿಯಿಟ್ಟು ಬಿಗಿಯಾಗಿ ಕಟ್ಟಿಸುವ ರೂಢಿ ನಮ್ಮಲ್ಲಿ ಇನ್ನೂ ಇದೆ. ನಾಟಿ ವೈದ್ಯರನ್ನು ಹೀಯಾಳಿಸುವುದು ನಮ್ಮ ಉದ್ದೇಶವಲ್ಲ. ಆದರೆ ಮೊಣಕೈಯ ವಿಷಯದಲ್ಲಿ ಈ ರೂಢಿಯನ್ನು ಬಿಡಲೇಬೇಕು ಎನ್ನುತ್ತೇವೆ. ಒಳಗೆ ಊತ ಏರುತ್ತಿರುವಾಗ ಹೊರಗಿನಿಂದ ಬಿಗಿದರೆ ಮುಂಗೈಯ ಸ್ನಾಯುಗಳಿಗೆ ರಕ್ತ ಸಿಗದೆ, ಕೆಲವೇ ಗಂಟೆಗಳಲ್ಲಿ ಅವು ಸಾಯತೊಡಗುತ್ತವೆ. ಆಮೇಲೆ ಬೆರಳುಗಳು ಶಾಶ್ವತವಾಗಿ ಮಡಚಿಕೊಳ್ಳುತ್ತವೆ. ಬಿಗಿ ಕಟ್ಟಿನಿಂದಾಗುವ ಈ ಅಂಗವಿಕಲತೆಯನ್ನು ಜರ್ಮನಿಯ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಲ್ಕ್‌ಮನ್ 1881ರಲ್ಲೇ ವಿವರಿಸಿದ್ದರು. ಇಂದಿಗೂ ಅದಕ್ಕೆ ಅವರದೇ ಹೆಸರು.

ಆಸ್ಪತ್ರೆಯಲ್ಲಿ ಹಾಕಿದ ಪ್ಲಾಸ್ಟರ್ ಕೂಡ ಬಿಗಿಯಾಗಬಹುದು. ನೋವು ಕಡಿಮೆಯಾಗುವ ಬದಲು ಹೆಚ್ಚುತ್ತಿದ್ದರೆ, ಮಗುವಿನ ಬೆರಳನ್ನು ಮೆಲ್ಲನೆ ನೇರ ಮಾಡಿದಾಗ ಕಿರುಚಿದರೆ, ಬೆರಳು ಜೋಮು ಹಿಡಿದರೆ, ತಣ್ಣಗಾಗಿ ಬಿಳಿಚಿಕೊಂಡರೆ ಬೆಳಗಾಗಲೆಂದು ಕಾಯಬೇಡಿ, ರಾತ್ರಿಯೇ ಹೊರಡಿ. ನಾಡಿ ಸಿಗುತ್ತಿದೆ ಎಂದು ಸುಮ್ಮನಿರುವಂತಿಲ್ಲ.

ಮಕ್ಕಳನ್ನು ಪಿಕ್‌ನಿಕ್‌ಗೆ ಕರೆದೊಯ್ಯುವ ಧರ್ಮಶಿಕ್ಷಣ ಶಿಕ್ಷಕರಿಗೆ ಒಂದು ಮಾತು. ಕೈ ಹೇಗಿದೆಯೋ ಹಾಗೆಯೇ ಇರಲಿ; ಎಳೆಯುವುದು, ಮಡಚುವುದು ಬೇಡ. ಬಳೆ, ಉಂಗುರ ತೆಗೆಯಿರಿ. ಮಡಚಿದ ಪತ್ರಿಕೆಯನ್ನೋ ಟವೆಲನ್ನೋ ಆಸರೆಯಾಗಿಟ್ಟು ಸಡಿಲವಾಗಿ ಕಟ್ಟಿ. ಅರಿವಳಿಕೆ ಬೇಕಾಗಬಹುದಾದ್ದರಿಂದ ತಿನ್ನಲು ಕುಡಿಯಲು ಏನೂ ಕೊಡಬೇಡಿ.

ಎಲುಬು ಜಾರದಿದ್ದರೆ ಸುಮಾರು 3 ವಾರ ಪ್ಲಾಸ್ಟರ್ ಸಾಕು. ಜಾರಿದ್ದರೆ ಅರಿವಳಿಕೆ ಕೊಟ್ಟು ಕೂಡಿಸಿ, ಎರಡು ಮೂರು ಸಪೂರ ತಂತಿ ಚುಚ್ಚಿ ನಿಲ್ಲಿಸುತ್ತಾರೆ. 3–4 ವಾರಗಳಲ್ಲಿ ತೆಗೆಯುತ್ತಾರೆ. ದೊಡ್ಡವರಲ್ಲಿ ಮೊಣಕೈಯ ಹಿಂದಿನ ತುದಿ ಮುರಿದರೆ ತೋಳಿನ ಸ್ನಾಯು ಅದನ್ನು ಮೇಲಕ್ಕೆಳೆಯುವುದರಿಂದ ಸಾಮಾನ್ಯವಾಗಿ ತಂತಿ ಅಥವಾ ಪ್ಲೇಟಿನ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಪ್ಲಾಸ್ಟರ್ ತೆಗೆದ ಮೇಲೆ ಕೈ ಮರದಂತೆ ಸೆಟೆದಿರುತ್ತದೆ. ಆಗಲೂ ತಿಕ್ಕಿಸಬೇಡಿ. ಬಲವಂತದ ತಿಕ್ಕಾಟದಿಂದ ಕೀಲಿನ ಸುತ್ತಲಿನ ಸ್ನಾಯುವಿನಲ್ಲೇ ಎಲುಬು ಬೆಳೆದು ಮೊಣಕೈ ಮತ್ತಷ್ಟು ಬಿಗಿಯಬಹುದು. ಮಕ್ಕಳು ಆಡುತ್ತಾ ಆಡುತ್ತಾ ತಾವೇ ಸರಿ ಮಾಡಿಕೊಳ್ಳುತ್ತಾರೆ. ಹಿರಿಯರು ಮಾತ್ರ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ದಿನವೂ ತಾವಾಗಿಯೇ ಮಡಚಿ ಬಿಡಿಸಬೇಕು.